ನನ್ನ ಸಿಗರೇಟಿನಿಂದಲೇ ಅವಳಿಗೆ ಬಂತಾ?

ಐವತ್ತು ದಾಟಿದವರು, ನನ್ನ ಹತ್ತಿರ ಸಲಹೆಗೆ ಒಬ್ಬರೇ ಬಂದಿದ್ದರು. ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್. ಆಕೆ ಸಿಗರೇಟು ಮುಟ್ಟಿದವರೇ ಅಲ್ಲ. ಇವರು ಮನೆಯೊಳಗೇ ವರ್ಷಗಟ್ಟಲೆ ಸೇದಿದವರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಬಯಾಪ್ಸಿ ರಿಪೋರ್ಟಿನಲ್ಲಿ 'ಅಡಿನೊಕಾರ್ಸಿನೋಮ' (ಈ ಕ್ಯಾನ್ಸರಿನ ಒಂದು ಬಗೆ) ಅನ್ನೋದರ ಕೆಳಗೆ ಎಷ್ಟು ಸಲ ಗೆರೆ ಎಳೆದಿದ್ದರೆಂದರೆ ಹಾಳೆ ಅಲ್ಲೇ ಹರಿದಿತ್ತು. ಜೇಬಿನಲ್ಲಿ ಸಿಗರೇಟ್ ಪ್ಯಾಕು ಉಬ್ಬಿಕೊಂಡಿತ್ತು.

"ನಿಜ ಹೇಳಿ ಮೇಡಂ, ನನ್ನಿಂದಲೇ ಬಂತಾ?"

'ಛೇ, ಹಾಗೇನಿಲ್ಲ ಬಿಡಿ' ಅನ್ನಬಹುದಿತ್ತು. ಆದರೆ ಅವರು ಆಗಲೇ ಓದಿಕೊಂಡು ಬಂದಿದ್ದರು. ಸುಮ್ನೆ ಸಮಾಧಾನ ಹೇಳಿದ್ದರೆ ನನ್ನ ಮುಂದಿನ ಮಾತನ್ನೂ ನಂಬುತ್ತಿರಲಿಲ್ಲ.

ಇದ್ದದ್ದನ್ನೇ ಹೇಳಿದೆ. ಜಪಾನಿನ ಸಂಶೋಧಕ ತಕೇಶಿ ಹಿರಾಯಾಮ ಸಿಗರೇಟು ಸೇದದ 91,540 ವಿವಾಹಿತ ಹೆಂಗಸರನ್ನು ವರ್ಷಗಳ ಕಾಲ ಗಮನಿಸಿ, ಗಂಡ ಜಾಸ್ತಿ ಸೇದುತ್ತಿದ್ದರೆ ಹೆಂಡತಿಗೂ ಈ ಕ್ಯಾನ್ಸರಿನ ಅಪಾಯ ಜಾಸ್ತಿ ಎಂದು 1981ರಲ್ಲಿ ವರದಿ ಕೊಟ್ಟರು. ಆಮೇಲಿನ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಆ ಹೆಚ್ಚಳ ಶೇ. 20ರಿಂದ 30 ಎಂದು ಗೊತ್ತಾಯಿತು.

ಅವರ ಮುಖ ಇಳಿದುಹೋಯಿತು. ಆದರೆ ಮಾತು ಅಲ್ಲಿಗೇ ನಿಲ್ಲಿಸುವಂತಿರಲಿಲ್ಲ. ಸಿಗರೇಟಿನ ಹೊಗೆಯಿಲ್ಲದ ಮನೆಗಳಲ್ಲಿ 100 ಹೆಂಗಸರಿಗೆ ಈ ಕಾಯಿಲೆ ಬಂದರೆ, ಅಷ್ಟೇ ಸಂಖ್ಯೆಯ ಹೊಗೆಯಿರುವ ಮನೆಗಳಲ್ಲಿ 120–130 ಮಂದಿಗೆ ಬರುತ್ತದೆ. ಅಂದರೆ ಅವರಲ್ಲೂ ಬಹುಪಾಲು ಜನರಿಗೆ ಬೇರೆ ಕಾರಣಗಳಿರುತ್ತವೆ. ನೆಲದಿಂದ ಹೊಮ್ಮುವ ವಿಕಿರಣಶೀಲ ರೇಡಾನ್ ಅನಿಲ, ಕೆಟ್ಟ ಗಾಳಿ, ಒಲೆಯ ಹೊಗೆ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ನಿಮ್ಮ ಮನೆಯವರಿಗೆ ಯಾವುದರಿಂದ ಬಂತು ಅಂತ ಯಾವ ಪರೀಕ್ಷೆಯೂ ಖಚಿತವಾಗಿ ಹೇಳಲಾರದು. ಇವರಿಗೆ ಇದು ಸಾಕಾಗಲಿಲ್ಲ. ಅವರಿಗೆ ಬೇಕಿದ್ದದ್ದು ತೀರ್ಪು, 'ತಪ್ಪಿತಸ್ಥ' ಅಂತಾದರೂ ಸರಿ.

ಇನ್ನೊಂದು ಭಯವೂ ಇತ್ತು. 'ಐದು ವರ್ಷದ ಬದುಕುಳಿಯುವ ಪ್ರಮಾಣ' ಅಂತ ಓದಿ, ಹೆಂಡತಿಗೆ ಇರೋದೇ ಐದು ವರ್ಷ ಅಂದುಕೊಂಡಿದ್ದರು. ಅದು ಗಡುವಲ್ಲ. ಪತ್ತೆಯಾಗಿ ಐದು ವರ್ಷಕ್ಕೆ ಎಷ್ಟು ಮಂದಿ ಬದುಕಿದ್ದರು ಅನ್ನೋ ಲೆಕ್ಕ ಅಷ್ಟೇ. ಅದೂ ಹಿಂದೆ ಯಾವಾಗಲೋ ಚಿಕಿತ್ಸೆ ಪಡೆದವರದು, ಎಷ್ಟೋ ಕಡೆ ಎಲ್ಲ ಬಗೆ, ಎಲ್ಲ ಹಂತವನ್ನೂ ಒಟ್ಟಿಗೆ ಸೇರಿಸಿದ್ದು. ಸಿಗರೇಟು ಸೇದದವರಲ್ಲಿ ಹೆಚ್ಚಾಗಿ ಕಾಣೋದು ಅಡಿನೊಕಾರ್ಸಿನೋಮವೇ. ಅದರಲ್ಲಿ ಇಜಿಎಫ್‌ಆರ್‌ನಂಥ ಜೀನ್ ಬದಲಾವಣೆ ಸಿಕ್ಕರೆ ಅದಕ್ಕೆಂದೇ ಮಾತ್ರೆಗಳಿವೆ. ಹಾಗಾಗಿ ಡಾಕ್ಟರ ಹತ್ತಿರ ಕೇಳಬೇಕಾದ್ದು 'ಯಾಕೆ ಬಂತು' ಅಂತಲ್ಲ. 'ಯಾವ ಹಂತ, ಜೀನ್ ಪರೀಕ್ಷೆ ಆಯ್ತಾ' ಅಂತ.

ಸಿಗರೇಟು ಇವತ್ತೇ ಬಿಡಿ ಎಂದೆ. ಆಗದಿದ್ದರೆ ನಿಕೋಟಿನ್ ಗಮ್ ಬಗ್ಗೆ ಡಾಕ್ಟರನ್ನು ಕೇಳಿ. ಹೆಂಡತಿಯ ಹತ್ತಿರ ಮನಸ್ಸಿನಲ್ಲಿರೋದನ್ನು ಒಮ್ಮೆ ಹೇಳಿಬಿಡಿ, ದಿನಾ ಬೇಡ. ನೀವು ಅತ್ತು, ಆಕೆಯೇ ನಿಮ್ಮನ್ನು ಸಮಾಧಾನ ಮಾಡುವ ಹಾಗಾಗಬಾರದು. ಅಂಕಿ-ಅಂಶ ಎಷ್ಟು ಗೊತ್ತಾಗಬೇಕು ಅನ್ನೋದನ್ನು ಆಕೆಯೇ ಹೇಳಲಿ.

ಮುಂದಿನ ಸಲ ಇಬ್ಬರೂ ಬಂದರು. ಕಾರಣದ ಬಗ್ಗೆ ಆಕೆ ಏನೂ ಕೇಳಲಿಲ್ಲ. ಚಿಕಿತ್ಸೆ ನಡೆಯುವಾಗ ಕೆಲಸಕ್ಕೆ ಹೋಗಬಹುದಾ ಅಂತ ಕೇಳಿದರು. ಡಾಕ್ಟರಿಗೆ ಕೇಳೋ ಪಟ್ಟಿಯಲ್ಲಿ ಅದನ್ನೂ ಸೇರಿಸಿಕೊಂಡೆವು.