ಸಣ್ಣ ಕೋವಿಗೆ ಯಾವ ಗುಂಡು, ಎಷ್ಟು ಮದ್ದು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳು ಅಮೆರಿಕದಲ್ಲಿ ಪರವಾನಗಿ ಪಡೆದು ಬಿಳಿಬಾಲದ ಜಿಂಕೆ ಬೇಟೆಗೆ ಹೋಗುವ, ತಮ್ಮ ತೋಟೆಗಳನ್ನು ತಾವೇ ತುಂಬಿಕೊಳ್ಳುವ ಓದುಗರವು. ಕೋವಿಗಳು .223 ರೆಮಿಂಗ್ಟನ್ ಮತ್ತು .243 ವಿಂಚೆಸ್ಟರ್ ತೋಟೆಯವು; ಈ ಅಂಕಿ ಅಂಗುಲದಲ್ಲಿ ಗುಂಡಿನ ಅಂದಾಜು ವ್ಯಾಸ, ಅಂದರೆ ಕ್ಯಾಲಿಬರ್. ಮದ್ದಿನ ತೂಕದ ಅಂಕಿಗಳನ್ನು ಬೇಕೆಂದೇ ಇಲ್ಲಿ ಕೊಟ್ಟಿಲ್ಲ. ಗುಂಡು, ಕೇಸು (ಮದ್ದು ತುಂಬುವ ಹಿತ್ತಾಳೆಯ ಕೊಳವೆ), ಪ್ರೈಮರ್ (ಕೇಸಿನ ತಳದಲ್ಲಿ ಕಿಡಿ ಹೊತ್ತಿಸುವ ಗುಂಡಿ) ಇವುಗಳಲ್ಲಿ ಒಂದು ಬದಲಾದರೂ ಆ ಅಂಕಿ ಬದಲಾಗುತ್ತದೆ. ಅದನ್ನು ಮದ್ದು ಅಥವಾ ಗುಂಡು ತಯಾರಿಸುವವರ ಈಚಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಪ್ರಶ್ನೆ: ನನ್ನ .243ಕ್ಕೆ 100 ಗ್ರೇನಿನ (ಸುಮಾರು 6.5 ಗ್ರಾಂ) ಗುಂಡು ಬಳಸುತ್ತಿದ್ದೇನೆ. 58 ಗ್ರೇನಿನ ವಿ-ಮ್ಯಾಕ್ಸ್ ಸೆಕೆಂಡಿಗೆ 3,700 ಅಡಿಗೂ ಮೀರಿ ಹೋಗುತ್ತದೆ, ಜಿಂಕೆ ನಿಂತಲ್ಲೇ ಬೀಳುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಬದಲಿಸಲೇ?

ಉತ್ತರ: ಬೇಡ. ವಿ-ಮ್ಯಾಕ್ಸ್ ಹುಲ್ಲುಗಾವಲಿನ ಸಣ್ಣ ಪ್ರಾಣಿಗಳಿಗೆಂದು ಮಾಡಿದ ಗುಂಡು. ಅದರ ತಾಮ್ರದ ಹೊದಿಕೆ ತೆಳು, ಒಳಗಿನ ಸೀಸ ಮೆದು. ತಗುಲಿದ ಕೂಡಲೇ ಪುಡಿಯಾಗಲೆಂದೇ ಅದನ್ನು ಹಾಗೆ ಮಾಡಿದ್ದಾರೆ. ಪಕ್ಕೆಲುಬುಗಳ ನಡುವಿನ ಸಂದಿಗೆ ಸರಿಯಾಗಿ ಬಿದ್ದರೆ ಜಿಂಕೆ ನಿಜಕ್ಕೂ ನಿಂತಲ್ಲೇ ಬೀಳಬಹುದು, ಗೆಳೆಯರು ಕಂಡದ್ದು ಅದನ್ನೇ ಇರಬೇಕು. ಅದೇ ಗುಂಡು ಭುಜದ ಮೂಳೆಗೆ ಬಿದ್ದರೆ ಮೇಲ್ಮೈಯಲ್ಲೇ ಸಿಡಿದು ಅಂಗೈಯಗಲದ ಗಾಯ ಮಾಡುತ್ತದೆ, ಶ್ವಾಸಕೋಶ ಮುಟ್ಟುವುದಿಲ್ಲ. ಜಿಂಕೆ ಓಡಿಹೋಗಿ ಎರಡು ದಿನ ನರಳಿ ಸಾಯುತ್ತದೆ.

ಸಣ್ಣ ಕ್ಯಾಲಿಬರಿನಲ್ಲಿ ಗುಂಡಿನ ತೂಕಕ್ಕಿಂತ ಅದನ್ನು ಕಟ್ಟಿರುವ ಬಗೆಯೇ ಮುಖ್ಯ. ದೊಡ್ಡ ಕೋವಿಯಲ್ಲಿ ಗುಂಡಿನ ಅರ್ಧ ತೂಕ ದಾರಿಯಲ್ಲಿ ಉದುರಿದರೂ ಉಳಿದರ್ಧ ಕೆಲಸ ಮುಗಿಸುತ್ತದೆ. ಇಲ್ಲಿ ಹಾಗೆ ಕಳೆದುಕೊಳ್ಳಲು ತೂಕವೇ ಇಲ್ಲ. ಒಂದೇ ಹೆಸರಿನ ಗುಂಡುಗಳಲ್ಲೂ ಎಚ್ಚರ ಬೇಕು: ನಾಸ್ಲರ್ ಬ್ಯಾಲಿಸ್ಟಿಕ್ ಟಿಪ್‌ನ 55 ಮತ್ತು 70 ಗ್ರೇನಿನವು ಸಣ್ಣ ಪ್ರಾಣಿಗಳಿಗೆ, 95 ಗ್ರೇನಿನದು ದಪ್ಪ ಹೊದಿಕೆಯ ಬೇಟೆ ಗುಂಡು. ಎರಡರ ಮೂತಿಯ ಬಣ್ಣವೂ ಒಂದೇ. ಡಬ್ಬಿಯ ಮೇಲಿನ ಬರಹ ಓದದೆ ಕೊಳ್ಳಬೇಡಿ.

100 ಗ್ರೇನಿನ ಸಾಧಾರಣ ಮೆದುಮೂತಿ ಗುಂಡು .243ರಲ್ಲಿ ಹಳೆಯ, ನೆಚ್ಚಬಹುದಾದ ಆಯ್ಕೆ. ಭುಜದ ಮೂಳೆ ಒಡೆಯುವ ಧೈರ್ಯ ಬೇಕಿದ್ದರೆ ನಾಸ್ಲರ್‌ನ ಪಾರ್ಟಿಷನ್ ಗುಂಡು ಹಾಕಿ. ಅದರ ನಡುವೆ ತಾಮ್ರದ ಅಡ್ಡಗೋಡೆ ಇರುತ್ತದೆ. ಮುಂದಿನ ಸೀಸ ಚದುರಿಹೋದರೂ ಹಿಂದಿನರ್ಧ ಹಾಗೆಯೇ ಉಳಿದು ಆಳಕ್ಕಿಳಿಯುತ್ತದೆ.

ಪ್ರಶ್ನೆ: ನನ್ನದು ಹಳೆಯ ಬೋಲ್ಟ್ ಕೋವಿ (ಹಿಡಿ ಎಳೆದು ತೋಟೆ ಹಾಕುವುದು), .223. ಭಾರದ ಗುಂಡು ಒಳ್ಳೆಯದೆಂದು 75 ಗ್ರೇನಿನದು ತಂದೆ. 50 ಗಜದ ಕಾಗದದ ಮೇಲೆ ತೂತುಗಳು ದುಂಡಗಿಲ್ಲ, ಗುಂಡು ಅಡ್ಡಡ್ಡ ಹೊಕ್ಕಂತಿವೆ.

ಉತ್ತರ: ಅಡ್ಡವಾಗಿಯೇ ಹೊಕ್ಕಿವೆ. ನಿಮ್ಮ ನಳಿಕೆಯ ಟ್ವಿಸ್ಟ್ 1:12 ಇರಬೇಕು, ಅಂದರೆ 12 ಅಂಗುಲಕ್ಕೆ ಒಂದು ಸುತ್ತು. ಉದ್ದದ ಗುಂಡು ಗಾಳಿಯಲ್ಲಿ ನೇರ ನಿಲ್ಲಲು ಆ ತಿರುಗುವೇಗ ಸಾಲದು. ಗಮನಿಸಿ, ಟ್ವಿಸ್ಟ್ ಕೇಳುವುದು ಗುಂಡಿನ ಉದ್ದವನ್ನು, ತೂಕವನ್ನಲ್ಲ. ಉದ್ದ ಹೆಚ್ಚಿದಂತೆ ತೂಕವೂ ಹೆಚ್ಚುವುದರಿಂದ ನಾವು ತೂಕದ ಲೆಕ್ಕದಲ್ಲಿ ಮಾತಾಡುತ್ತೇವೆ, ಅಷ್ಟೆ.

ಇದೇ ತಪ್ಪಿಗೆ ಒಂದು ತೋಟೆಯೇ ಹೆಸರು ಬದಲಿಸಿಕೊಳ್ಳಬೇಕಾಯಿತು. 1955ರಲ್ಲಿ .243 ವಿಂಚೆಸ್ಟರ್ ಮತ್ತು .244 ರೆಮಿಂಗ್ಟನ್ ಎರಡೂ ಬಂದವು, ಎರಡರ ಗುಂಡಿನ ವ್ಯಾಸವೂ ಒಂದೇ. ವಿಂಚೆಸ್ಟರ್ 1:10 ಟ್ವಿಸ್ಟ್ ಕೊಟ್ಟಿತು, ರೆಮಿಂಗ್ಟನ್ 1:12 ಕೊಟ್ಟಿತು. 100 ಗ್ರೇನಿನ ಚೂಪುಮೂತಿ ಗುಂಡನ್ನು ರೆಮಿಂಗ್ಟನ್ ನಳಿಕೆ ನೆಚ್ಚುವಂತೆ ನಿಲ್ಲಿಸಲಿಲ್ಲ, ಜಿಂಕೆ ಬೇಟೆಗಾರರು ವಿಂಚೆಸ್ಟರ್ ಕಡೆ ಹೊರಳಿದರು. 1963ರಲ್ಲಿ ಅದೇ ತೋಟೆ 6 ಎಂ.ಎಂ. ರೆಮಿಂಗ್ಟನ್ ಎಂಬ ಹೊಸ ಹೆಸರಿನಲ್ಲಿ, 1:9 ಟ್ವಿಸ್ಟಿನೊಂದಿಗೆ ಮತ್ತೆ ಬಂತು. ಅಷ್ಟರಲ್ಲಿ ಮಾರುಕಟ್ಟೆ ಕೈತಪ್ಪಿತ್ತು.

ಟ್ವಿಸ್ಟ್ ಅಳೆಯುವುದು ಸುಲಭ. ಕೋವಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು ಬೋಲ್ಟ್ ತೆಗೆಯಿರಿ. ಹಿಡಿಯ ಬಳಿ ತಿರುಗುವ ಬೇರಿಂಗ್ ಇರುವ ಸಲಾಕೆಗೆ ಬಿಗಿಯಾದ ಬಟ್ಟೆ ಸಿಕ್ಕಿಸಿ ನಳಿಕೆಯೊಳಗೆ ನಾಲ್ಕೈದು ಅಂಗುಲ ತಳ್ಳಿ. ಸಲಾಕೆಯ ನೆತ್ತಿಗೆ ಒಂದು ಗುರುತು, ನಳಿಕೆಯ ಹಿಂಬದಿ ಸೇರುವಲ್ಲಿ ಇನ್ನೊಂದು ಗುರುತು ಹಾಕಿ. ನೆತ್ತಿಯ ಗುರುತು ಪೂರ್ತಿ ಒಂದು ಸುತ್ತು ಬರುವವರೆಗೆ ತಳ್ಳಿ, ಎಷ್ಟು ಅಂಗುಲ ಒಳಹೋಯಿತೆಂದು ಅಳೆಯಿರಿ. ಬಟ್ಟೆ ಸಡಿಲವಿದ್ದರೆ ಜಾರಿ ಸುಳ್ಳು ಲೆಕ್ಕ ಬರುತ್ತದೆ, ಮೂರು ಸಲ ಅಳೆದು ನೋಡಿ.

ಅಂದಾಜಿಗೆ: .223ರಲ್ಲಿ 1:12 ಇದ್ದರೆ 55 ಗ್ರೇನಿನ ಆಸುಪಾಸು, 1:9 ಇದ್ದರೆ ಸೀಸದ 69 ಗ್ರೇನಿನವರೆಗೆ, 1:8 ಇದ್ದರೆ 77ರವರೆಗೆ. 60 ಗ್ರೇನಿನ ಪಾರ್ಟಿಷನ್ ಚಿಕ್ಕದು. ನಿಮ್ಮ 1:12ರಲ್ಲಿ ಅದು ನಿಂತರೆ ಅದಕ್ಕಿಂತ ಒಳ್ಳೆಯದು ಬೇಡ, ನಿಲ್ಲುತ್ತದೋ ಇಲ್ಲವೋ ಎಂಬುದನ್ನು 100 ಗಜದ ಕಾಗದವೇ ಹೇಳಬೇಕು. ಇದು ಹತ್ತಿರದ ಕೋವಿ, 150 ಗಜಕ್ಕೆ ನಿಲ್ಲಿಸಿಕೊಳ್ಳಿ. ಕೆಟ್ಟ ಕೋನದಲ್ಲಿ ನಿಂತ ಜಿಂಕೆಯನ್ನು ಬಿಟ್ಟುಬಿಡಿ.

ಪ್ರಶ್ನೆ: .223ರಲ್ಲಿ ಜಿಂಕೆ ಹೊಡೆಯಲು ಕಾನೂನು ಬಿಡುತ್ತದೆಯೇ?

ಉತ್ತರ: ರಾಜ್ಯಕ್ಕೊಂದು ನಿಯಮ. ಟೆಕ್ಸಸ್‌ನಲ್ಲಿ ಆಗುತ್ತದೆ. ವರ್ಜೀನಿಯಾದಲ್ಲಿ ರೈಫಲ್ .23 ಕ್ಯಾಲಿಬರಿಗಿಂತ ಸಣ್ಣದಿರುವಂತಿಲ್ಲ, ಹಾಗಾಗಿ .223 ಹೊರಗೆ. ಕೊಲೊರಾಡೊದಲ್ಲಿ ಕನಿಷ್ಠ .24 ಕ್ಯಾಲಿಬರ್, 70 ಗ್ರೇನಿನ ಅರಳುವ ಗುಂಡು, 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ ಬೇಕು. ಶಕ್ತಿಯ ಲೆಕ್ಕವನ್ನು ನೀವೇ ಹಾಕಬಹುದು: ವೇಗವನ್ನು ವೇಗದಿಂದಲೇ ಗುಣಿಸಿ, ಗುಂಡಿನ ಗ್ರೇನಿನಿಂದ ಗುಣಿಸಿ, 4,50,240ರಿಂದ ಭಾಗಿಸಿ. 100 ಗ್ರೇನ್, ಸೆಕೆಂಡಿಗೆ 2,960 ಅಡಿ ಇದ್ದರೆ ನಳಿಕೆಯ ಬಾಯಲ್ಲಿ ಸುಮಾರು 1,946 ಫುಟ್-ಪೌಂಡ್. ನಿಯಮಗಳು ಬದಲಾಗುತ್ತಿರುತ್ತವೆ, ಪ್ರತಿ ಋತುವಿಗೂ ರಾಜ್ಯದ ಹೊಸ ಪುಸ್ತಿಕೆ ನೋಡಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಸೀಸದ ಗುಂಡು ನಿಷೇಧ. 100 ಗ್ರೇನಿನ ಹಳೆಯ ಲೋಡಿನಲ್ಲೇ, ಅಂದರೆ ಅದೇ ಮದ್ದಿನ ಅಳತೆಯಲ್ಲೇ, ತಾಮ್ರದ ಗುಂಡು ಕೂರಿಸಬಹುದೇ?

ಉತ್ತರ: ಕೂರಿಸಲೇಬಾರದು. ಅಲ್ಲಿ 2019ರ ಜುಲೈ 1ರಿಂದ ಕೋವಿಯ ಎಲ್ಲ ಬೇಟೆಗೂ ಸೀಸವಿಲ್ಲದ ಗುಂಡೇ ಬೇಕು. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದ. ಅದರಿಂದ ಎರಡು ತೊಂದರೆ. ಉದ್ದದ ಗುಂಡು ಹೆಚ್ಚು ವೇಗದ ಟ್ವಿಸ್ಟ್ ಕೇಳುತ್ತದೆ. ಮತ್ತೆ, ಕೇಸಿನೊಳಗೆ ಹೆಚ್ಚು ಆಳಕ್ಕೆ ಕೂತು ಮದ್ದಿನ ಜಾಗ ತಿನ್ನುತ್ತದೆ, ಒತ್ತಡ ಏರುತ್ತದೆ.

ತಾಮ್ರಕ್ಕೆ ಹೋಗುವಾಗ ತೂಕದಲ್ಲಿ ಒಂದು ಮೆಟ್ಟಿಲು ಇಳಿಯಿರಿ. 100ರ ಬದಲು 80 ಅಥವಾ 85 ಗ್ರೇನ್ ಸಾಕು. ತಾಮ್ರದ ಗುಂಡು ಒಡೆಯುವುದಿಲ್ಲ, ಹೂವಿನ ಎಸಳಿನಂತೆ ಅರಳಿ ಬಹುಪಾಲು ತೂಕ ಉಳಿಸಿಕೊಳ್ಳುತ್ತದೆ. ಹೀಗಾಗಿ 80 ಗ್ರೇನಿನದು ಸೀಸದ 100ರಷ್ಟೇ ಆಳಕ್ಕೆ ಹೋಗುತ್ತದೆ. ಆದರೆ ಅರಳಲು ಅದಕ್ಕೆ ವೇಗ ಬೇಕು. ಸೆಕೆಂಡಿಗೆ 2,000 ಅಡಿಗಿಂತ ಕೆಳಗೆ ಅದನ್ನು ನಂಬಬೇಡಿ, ಸೂಜಿಯಂತೆ ತೂರಿಹೋಗಬಹುದು.

ಕೂರಿಸುವಾಗ ನಳಿಕೆಯ ಸುರುಳಿಗೆರೆಗಳಿಂದ ಸುಮಾರು 0.050 ಅಂಗುಲ ಹಿಂದೆ ಇಟ್ಟು ಶುರುಮಾಡಿ. ತಾಮ್ರ ಗಟ್ಟಿ. ಗೆರೆಗೆ ತಾಗಿಕೊಂಡೇ ಇದ್ದರೆ ಗೆರೆಯೊಳಗೆ ನುಗ್ಗುವ ಮೊದಲ ಗಳಿಗೆಯಲ್ಲಿ ಒತ್ತಡ ಜಿಗಿಯುತ್ತದೆ. ನಳಿಕೆಯಲ್ಲಿ ಹಳೆಯ ಗುಂಡುಗಳ ತಾಮ್ರ ಮೆತ್ತಿದ್ದರೆ ಮೊದಲು ಅದನ್ನು ಪೂರ್ತಿ ತೆಗೆಯಿರಿ. ಇಲ್ಲದಿದ್ದರೆ ಹೊಸ ಗುಂಡು ಚದುರಿ ಬಿದ್ದು, ತಪ್ಪು ಗುಂಡಿನದೆಂದು ಕಾಣುತ್ತದೆ.

ಪ್ರಶ್ನೆ: ಹೊಸ ಗುಂಡಿಗೆ ಲೋಡ್ ಕಟ್ಟುವ ಕ್ರಮ ತಿಳಿಸಿ. ಪ್ರೈಮರ್ ಚಪ್ಪಟೆಯಾಗುವವರೆಗೆ ಮದ್ದು ಏರಿಸಬಹುದೆಂದು ಕೇಳಿದ್ದೇನೆ.

ಉತ್ತರ: ಕೇಳಿದ್ದನ್ನು ಮರೆತುಬಿಡಿ. ಪ್ರೈಮರ್ ಚಪ್ಪಟೆಯಾಗುವುದು ತಡವಾಗಿ ಸಿಗುವ ಎಚ್ಚರಿಕೆ. ಮೆದು ಪ್ರೈಮರ್ ಹಗುರ ಲೋಡಿನಲ್ಲೂ ಚಪ್ಪಟೆಯಾಗುತ್ತದೆ, ಗಟ್ಟಿಯದು ಮಿತಿ ಮೀರಿದರೂ ದುಂಡಗೆ ಉಳಿಯುತ್ತದೆ.

ಮೊದಲು ಕೇಸು. ಒಂದೇ ತಯಾರಿಕೆಯ ಕೇಸುಗಳನ್ನು ಬೇರ್ಪಡಿಸಿ. ಬುಡದಿಂದ ತುಸು ಮೇಲೆ ಹೊಳೆಯುವ ಉಂಗುರ ಕಂಡದ್ದನ್ನು ಎಸೆಯಿರಿ, ಅಲ್ಲೇ ಅದು ಎರಡಾಗಿ ಹರಿಯಲಿದೆ. ಡೈಯಲ್ಲಿ (ಕೇಸನ್ನು ಮೊದಲಿನ ಅಳತೆಗೆ ತರುವ ಅಚ್ಚು) ಒತ್ತುವಾಗ ಬೋಲ್ಟ್ ಕೋವಿಗೆ ಕೇಸಿನ ಭುಜವನ್ನು, ಅಂದರೆ ಕತ್ತಿನ ಕೆಳಗಿನ ಇಳಿಜಾರನ್ನು, 0.001ರಿಂದ 0.002 ಅಂಗುಲ ಮಾತ್ರ ಹಿಂದೆ ತಳ್ಳಿ, ತಾನಾಗಿ ತುಂಬಿಕೊಳ್ಳುವ ಕೋವಿಗೆ 0.003ರಿಂದ 0.004. ಅದಕ್ಕಿಂತ ಹೆಚ್ಚು ತಳ್ಳಿದರೆ ಪ್ರತಿ ಈಡಿಗೂ ಹಿತ್ತಾಳೆ ಹಿಗ್ಗಿ ಮೇಲೆ ಹೇಳಿದ ಉಂಗುರ ಬೇಗ ಬರುತ್ತದೆ. ಉದ್ದ ಅಳೆಯಿರಿ: .243 ಕೇಸು 2.045 ಅಂಗುಲ ದಾಟಬಾರದು, 2.035ಕ್ಕೆ ಕತ್ತರಿಸಿ. .223ಕ್ಕೆ ಇದೇ ಅಂಕಿಗಳು 1.760 ಮತ್ತು 1.750. ಉದ್ದ ಮೀರಿದ ಕೇಸಿನ ಬಾಯಿ ನಳಿಕೆಯಲ್ಲಿ ತೋಟೆ ಕೂರುವ ಕೋಣೆಯ ಕೊನೆಗೆ ಸಿಕ್ಕಿ ಗುಂಡನ್ನು ಅದುಮಿ ಹಿಡಿಯುತ್ತದೆ, ಬಿಡುವ ಹೊತ್ತಿಗೆ ಒತ್ತಡ ಎಲ್ಲಿಗೋ ಹೋಗಿರುತ್ತದೆ.

ಆಮೇಲೆ ಮದ್ದು. .243ಕ್ಕೆ 95-100 ಗ್ರೇನಿನ ಗುಂಡಿಗೆ ಎಚ್4350, ಎಚ್4831ರಂಥ ನಿಧಾನದ ಮದ್ದು ಹೊಂದುತ್ತದೆ. .223ಕ್ಕೆ ವಾರ್ಗೆಟ್, ಬೆಂಚ್‌ಮಾರ್ಕ್, ಎಚ್335ರಂಥವು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ. ಕೈಪಿಡಿಯ ಆರಂಭದ ತೂಕದಿಂದ ಶುರುಮಾಡಿ. ಅದನ್ನು ಕೊಟ್ಟಿಲ್ಲದಿದ್ದರೆ ಗರಿಷ್ಠದಿಂದ ಶೇ. 10 ಕಳೆಯಿರಿ. .223ರಲ್ಲಿ 0.2 ಗ್ರೇನ್, .243ರಲ್ಲಿ 0.4 ಗ್ರೇನ್ ಹೆಜ್ಜೆಯಲ್ಲಿ ಏರಿಸುತ್ತ ಪ್ರತಿ ಹೆಜ್ಜೆಗೆ ಮೂರು ತೋಟೆ ಮಾಡಿ. ಗುಂಡು ಕೂರಿಸುವ ಮೊದಲು ಎಲ್ಲ ಕೇಸುಗಳನ್ನೂ ಹಲಗೆಯಲ್ಲಿ ನಿಲ್ಲಿಸಿ ಟಾರ್ಚ್ ಹಿಡಿದು ಮದ್ದಿನ ಮಟ್ಟ ನೋಡಿ. ಪೂರ್ತಿ ತೋಟೆಯ ಉದ್ದದ ಮಿತಿ .243ಕ್ಕೆ 2.710, .223ಕ್ಕೆ 2.260 ಅಂಗುಲ.

ಮೈದಾನದಲ್ಲಿ ವೇಗಮಾಪಕ ಬೇಕೇಬೇಕು. ಕೈಪಿಡಿಯ ಗರಿಷ್ಠ ವೇಗ ನಿಮಗೆ ಕಡಿಮೆ ಮದ್ದಿನಲ್ಲೇ ಬಂದರೆ ಒತ್ತಡವೂ ಗರಿಷ್ಠಕ್ಕೆ ಬಂದಿದೆ ಎಂದೇ ತಿಳಿಯಿರಿ, ಅಲ್ಲೇ ನಿಲ್ಲಿ. ಕೈಪಿಡಿಯ ನಳಿಕೆ 24 ಅಂಗುಲ, ನಿಮ್ಮದು 20 ಎಂದಾದರೆ ಅಂಗುಲಕ್ಕೆ 25-30 ಅಡಿಯಂತೆ ವೇಗ ಕಡಿಮೆ ಬರುವುದೇ ಸರಿ. ಗಿಡ್ಡ ನಳಿಕೆಯಲ್ಲಿ ಪುಸ್ತಕದ ವೇಗ ಬಂದರೆ ಸಂತೋಷಪಡಬೇಡಿ. ಬೋಲ್ಟ್ ಎತ್ತಲು ಬಿಗಿಯಾದರೆ, ಕೇಸಿನ ತಳದಲ್ಲಿ ಎಜೆಕ್ಟರಿನ (ಖಾಲಿ ಕೇಸನ್ನು ಹೊರಚಿಮ್ಮಿಸುವ ಭಾಗ) ಹೊಳೆಯುವ ಗುರುತು ಬಿದ್ದರೆ, ಉಳಿದ ತೋಟೆಗಳನ್ನು ಮನೆಗೆ ತಂದು ಬಿಚ್ಚಿ.

ಕೊನೆಯ ನೂರು ಅಡಿ ವೇಗದಿಂದ ಜಿಂಕೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 100 ಗಜದಲ್ಲಿ ಒಂದೂವರೆ ಅಂಗುಲದೊಳಗೆ ಬೀಳುವ, ಗರಿಷ್ಠಕ್ಕಿಂತ ಒಂದೆರಡು ಹೆಜ್ಜೆ ಕೆಳಗಿನ ಲೋಡ್ ಸಿಕ್ಕಿದರೆ ಅದನ್ನೇ ಹತ್ತು ಈಡು ಹೊಡೆದು ಖಾತ್ರಿಮಾಡಿ. ಮೂರು ಈಡಿನ ಗುಂಪು ಅದೃಷ್ಟದಿಂದಲೂ ಚಂದ ಬರುತ್ತದೆ.

ಪ್ರಶ್ನೆ: .308ರ ಕೇಸನ್ನು ಕತ್ತು ಕಿರಿದು ಮಾಡಿ .243 ಮಾಡಿಕೊಂಡೆ. ಹಗುರ ಲೋಡಿನಲ್ಲೂ ಬೋಲ್ಟ್ ಬಿಗಿ.

ಉತ್ತರ: ಕತ್ತು ದಪ್ಪವಾಗಿದೆ. .308ರ ಬಾಯನ್ನು ಅಷ್ಟು ಕಿರಿದಾಗಿಸಿದಾಗ ಹಿತ್ತಾಳೆ ಹೋಗಲು ಜಾಗವಿಲ್ಲದೆ ಗೋಡೆ ದಪ್ಪವಾಗುತ್ತದೆ. ತುಂಬಿದ ತೋಟೆಯ ಕತ್ತನ್ನು ಅಳೆಯಿರಿ, 0.276 ಅಂಗುಲ ಮೀರಿದ್ದರೆ ಹೊಡೆಯಬೇಡಿ. ಕತ್ತಿಗೆ ಹಿಗ್ಗಲು ಸಂದಿಯಿಲ್ಲದೆ ಗುಂಡು ಬಿಡುವುದಿಲ್ಲ, ಬಿಗಿ ಬಂದದ್ದು ಅದರಿಂದಲೇ. ಹೊರಗಿನಿಂದ ಕತ್ತು ತುರಿಯುವ ಉಪಕರಣದಿಂದ ತೆಳು ಮಾಡಿಕೊಳ್ಳಬಹುದು, ಉದ್ದವೂ ಹೆಚ್ಚಿರಬಹುದು, ಅಳೆದು ಮೀರಿದ್ದರೆ ಕತ್ತರಿಸಬೇಕು. ತಳದ ಮೇಲಿನ ಮುದ್ರೆ ಮಾತ್ರ .308 ಎಂದೇ ಉಳಿಯುತ್ತದೆ, ಡಬ್ಬಿಗೆ ದೊಡ್ಡದಾಗಿ ಚೀಟಿ ಅಂಟಿಸಿ. ನಿಜವಾದ .243 ಕೇಸು ಸಿಗುವಾಗ ಈ ಪಾಡು ಏಕೆ ಎಂಬುದು ನಮ್ಮ ಅನಿಸಿಕೆ.

ಪ್ರಶ್ನೆ: ಹದಿಮೂರರ ಮಗಳಿಗೆ .243ರ ಒದೆತ ತಗ್ಗಿಸಬೇಕು. ಮದ್ದನ್ನು ಅರ್ಧ ಮಾಡಲೇ?

ಉತ್ತರ: ಇರುವ ಮದ್ದನ್ನು ಅರ್ಧ ಮಾಡಬೇಡಿ. ನಿಧಾನದ ಮದ್ದು ಕೇಸಿನಲ್ಲಿ ಅರ್ಧಕ್ಕೇ ನಿಂತರೆ ಉರಿ ಕ್ರಮ ತಪ್ಪಿ, ಒತ್ತಡ ಊಹಿಸಲಾಗದಷ್ಟು ಏರಿ ಕೋವಿ ಒಡೆಯಬಹುದು. ತಗ್ಗಿಸಿದ ಲೋಡಿಗೆ ಹಾಡ್ಗ್‌ಡನ್ ಸಂಸ್ಥೆ ಹೇಳುವುದು ಎಚ್4895 ಮದ್ದನ್ನು. ನಿಮ್ಮ ಗುಂಡಿಗೆ ಅವರು ಕೊಟ್ಟಿರುವ ಎಚ್4895ರ ಗರಿಷ್ಠ ತೂಕದ ಶೇ. 60ಕ್ಕಿಂತ ಕೆಳಗಿಳಿಯಬಾರದು. ಬೇರೆ ಮದ್ದಿಗೆ ಈ ಲೆಕ್ಕ ಹಾಕಬೇಡಿ. ಜಿಂಕೆಗೆ ಶೇ. 60 ಸಾಲದು, ಶೇ. 75-80ರ ಸುತ್ತ ನೋಡಿ. ಬಾಯಲ್ಲಿ 2,400 ಅಡಿ ಬಂದರೆ 100 ಗಜದಲ್ಲಿ 2,200ರ ಆಸುಪಾಸು ಉಳಿಯುತ್ತದೆ. ಆ ವೇಗಕ್ಕೆ ತಾಮ್ರಕ್ಕಿಂತ ಮೆದುಮೂತಿಯ ಸೀಸದ ಗುಂಡು ಚೆನ್ನಾಗಿ ಅರಳುತ್ತದೆ. ಹುಡುಗಿ ಬೆಚ್ಚುತ್ತಿರುವುದು ಸದ್ದಿಗೋ ಒದೆತಕ್ಕೋ ಎಂದೂ ನೋಡಿ. ಕಿವಿಗೆ ಇಯರ್‌ಪ್ಲಗ್, ಅದರ ಮೇಲೆ ಇಯರ್‌ಮಫ್, ಅವಳ ಅಳತೆಗೆ ಗಿಡ್ಡ ಮಾಡಿದ ಹಿಂಗಟ್ಟು, ಇವಿಷ್ಟರಿಂದಲೇ ಎಷ್ಟೋ ಸಲ ಸಮಸ್ಯೆ ಮುಗಿಯುತ್ತದೆ.

ಪ್ರಶ್ನೆ: ತಕ್ಕಡಿಯಲ್ಲಿ ‘ಜಿ’ ಮತ್ತು ‘ಜಿಎನ್’ ಎರಡೂ ಬರುತ್ತದೆ. ಯಾವುದು?

ಉತ್ತರ: ‘ಜಿಎನ್’ ಗ್ರೇನ್, ‘ಜಿ’ ಗ್ರಾಂ. ಒಂದು ಗ್ರಾಮಿಗೆ 15.43 ಗ್ರೇನ್. ಅಳೆಯುವ ಮೊದಲು ತೂಕದ ಕಲ್ಲಿಟ್ಟು ನೋಡಿ, ಫ್ಯಾನ್ ಆರಿಸಿ.

ಪ್ರಶ್ನೆ: ಆಗಸ್ಟಿನಲ್ಲಿ ಕೇಂದ್ರಕ್ಕೆ ಬೀಳುತ್ತಿದ್ದ ಲೋಡ್ ನವೆಂಬರಿನ ಚಳಿಯಲ್ಲಿ ಎರಡು ಅಂಗುಲ ಕೆಳಗೆ ಬಿತ್ತು. ದೂರದರ್ಶಕ ಕೆಟ್ಟಿತೇ?

ಉತ್ತರ: ಮೊದಲು ದೂರದರ್ಶಕದ ತಿರುಪುಗಳನ್ನು ಮುಟ್ಟಿ ನೋಡಿ, ಸಡಿಲವಿರಬಹುದು. ಬಿಗಿ ಇದ್ದರೆ ಮದ್ದಿನ ಕಡೆ ತಿರುಗಿ. ಚಳಿಯಲ್ಲಿ ಮದ್ದು ನಿಧಾನ ಉರಿದು ವೇಗ ತಗ್ಗುತ್ತದೆ. ಗೋಲಿಯಾಕಾರದ ಮದ್ದುಗಳಲ್ಲಿ ಇದು ಸಾಮಾನ್ಯವಾಗಿ ಹೆಚ್ಚು, ವಾರ್ಗೆಟ್, ಎಚ್4350ಗಳಲ್ಲಿ ಕಡಿಮೆ. 100 ಗಜದಲ್ಲಿ ಬರೀ ವೇಗದ ಇಳಿಕೆಗೆ ಎರಡು ಅಂಗುಲ ಹೆಚ್ಚಾಯಿತು. ವೇಗ ಬದಲಾದಾಗ ನಳಿಕೆಯ ಕಂಪನದ ಯಾವ ಗಳಿಗೆಯಲ್ಲಿ ಗುಂಡು ಹೊರಬೀಳುತ್ತದೆ ಎಂಬುದೂ ಬದಲಾಗುತ್ತದೆ. ಮರದ ಹಿಂಗಟ್ಟಾದರೆ ತೇವಕ್ಕೆ ಉಬ್ಬಿ ನಳಿಕೆಯನ್ನು ಒತ್ತುತ್ತಿರಬಹುದು: ನಳಿಕೆ ಮತ್ತು ಮರದ ನಡುವೆ ಒಂದು ಕಾಗದ ಜಾರಿಸಿ, ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ. ಎಣ್ಣೆ ಹಚ್ಚಿದ ನಳಿಕೆಯ ಮೊದಲ ಈಡೂ ಬೇರೆಡೆ ಬೀಳುತ್ತದೆ, ಕಾಡಿಗೆ ಹೊರಡುವ ಮುನ್ನ ಒಣಬಟ್ಟೆ ಎಳೆಯಿರಿ. ಗುರಿ ಹೊಂದಿಸುವ ಕೊನೆಯ ಪರೀಕ್ಷೆ ಬೇಟೆಯ ವಾರದ ಚಳಿಯಲ್ಲೇ ಆಗಲಿ, ತಣ್ಣಗಿನ ನಳಿಕೆಯಿಂದ ದಿನಕ್ಕೊಂದೇ ಈಡು, ನಾಲ್ಕು ದಿನ, ಅದೇ ಕಾಗದದ ಮೇಲೆ.