ಕ್ಯಾಲಿಗ್ರಫಿ ಶೈಲಿಯ ಬೋಲ್ಡ್ ಇಟಾಲಿಕ್ ಫಾಂಟ್ ಪೋಸ್ಟರ್‌ನಲ್ಲಿ ಮಸಿ ಚೆಲ್ಲಿದ ಹಾಗೆ ಕಾಣುತ್ತಿದೆ, ಏನು ಮಾಡಲಿ?

ಇಂಗ್ಲಿಷ್ ಪೋಸ್ಟರಿನ ಟೈಟಲ್‌ಗೆ ಕ್ಯಾಲಿಗ್ರಫಿ ಫಾಂಟ್ ಹಾಕಿ ಬೋಲ್ಡ್ ಮಾಡಿದೆ, ಅಕ್ಷರ ಮುದ್ದೆಯಾಯಿತು ಅಂದಿದ್ದೀರಿ. ಫಾಂಟ್ ಬದಲಿಸುವ ಮೊದಲು ಒಂದು ವಿಷಯ ನೋಡಿ. ಆ ಫಾಂಟ್‌ನಲ್ಲಿ ಬೇರೆಯಾಗಿಯೇ ಬಿಡಿಸಿದ ನಿಜವಾದ ಬೋಲ್ಡ್ ಇಟಾಲಿಕ್ (ದಪ್ಪಗಿನ ಓರೆ ಅಕ್ಷರ) ಇದೆಯಾ, ಇಲ್ಲಾ ಸುಮ್ನೆ ಬೋಲ್ಡ್ ಮಾಡುವ 'B' ಬಟನ್ ಒತ್ತಿದ್ದೀರಾ?

ಕ್ಯಾಲಿಗ್ರಫಿ ಅಕ್ಷರಗಳ ಜೀವ ಇರುವುದೇ ದಪ್ಪ-ತೆಳುವಿನ ಆಟದಲ್ಲಿ. ಚಪ್ಪಟೆ ನಿಬ್ ಇರುವ ಪೆನ್ನನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು ಬರೆದರೆ ಕೆಳಗಿಳಿಯುವ ಗೆರೆ ದಪ್ಪ ಬರುತ್ತದೆ, ಬಲಕ್ಕೆ ಮೇಲೇರುವ ಗೆರೆ ಕೂದಲಿನಷ್ಟು ತೆಳು. ಫಾಂಟ್‌ನಲ್ಲಿ ಬೋಲ್ಡ್ ಇಲ್ಲದಾಗ ಬಟನ್ ಒತ್ತಿದರೆ, ಸಾಫ್ಟ್‌ವೇರ್ ಸಾಮಾನ್ಯವಾಗಿ ಎಲ್ಲ ಗೆರೆಗೂ ಒಂದೇ ಅಳತೆಯ ದಪ್ಪ ಸೇರಿಸುತ್ತದೆ. ತೆಳುವಾಗಿದ್ದದ್ದೂ ಊದಿಕೊಳ್ಳುತ್ತದೆ. ಇಂಗ್ಲಿಷ್‌ನ ಸಣ್ಣ 'e' ಮತ್ತು 'a' ಅಕ್ಷರಗಳ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ನಿಮ್ಮ ಪೋಸ್ಟರನ್ನು ದೊಡ್ಡದು ಮಾಡಿ ಆ ಎರಡು ಅಕ್ಷರ ನೋಡಿ, ಗೊತ್ತಾಗುತ್ತದೆ. ನಿಜವಾದ ಬೋಲ್ಡ್ ಬಿಡಿಸುವವರು ಅಗಲವಾದ ನಿಬ್ ಹಿಡಿದ ಹಾಗೆ ದಪ್ಪ ಗೆರೆಯನ್ನು ಮಾತ್ರ ಬೆಳೆಸುತ್ತಾರೆ, ತೆಳು ಗೆರೆಯನ್ನು ಆದಷ್ಟು ಕಾಯುತ್ತಾರೆ, ಅಕ್ಷರವನ್ನೂ ಸ್ವಲ್ಪ ಅಗಲ ಮಾಡುತ್ತಾರೆ.

ಜರ್ಮನಿಯ ಅಕ್ಷರ ವಿನ್ಯಾಸಕಾರ ಹರ್ಮನ್ ಝಾಫ್ ಮಾಡಿದ, 1979ರಲ್ಲಿ ಬಂದ ಐಟಿಸಿ ಝಾಫ್ ಚಾನ್ಸರಿ ಅನ್ನೋ ಕ್ಯಾಲಿಗ್ರಫಿ ಫಾಂಟನ್ನೇ ತಗೊಳ್ಳಿ. ಅದರಲ್ಲಿ ಬೇರೆ ಬೇರೆ ದಪ್ಪದ ಅಕ್ಷರಗಳಿವೆ. ಆದರೆ ಲೇಸರ್ ಪ್ರಿಂಟರ್‌ಗಳ ಜೊತೆ ಬರುತ್ತಿದ್ದ ಪೋಸ್ಟ್‌ಸ್ಕ್ರಿಪ್ಟ್‌ನ (ಪುಟ ಹೇಗೆ ಅಚ್ಚಾಗಬೇಕು ಅಂತ ಪ್ರಿಂಟರ್‌ಗೆ ಹೇಳುವ ಭಾಷೆ) 35 ಫಾಂಟ್‌ಗಳಲ್ಲಿ ಸಿಕ್ಕಿದ್ದು ಅದರ ಮೀಡಿಯಂ ಇಟಾಲಿಕ್, ಅಂದರೆ ಮಧ್ಯಮ ದಪ್ಪದ ಓರೆ ಅಕ್ಷರ ಒಂದೇ. ಅದನ್ನು ಬೋಲ್ಡ್ ಮಾಡಿದರೆ ಸಿಗುವುದು ಈ ನಕಲಿ ದಪ್ಪವೇ. ಅಷ್ಟು ಚೆಂದದ ಅಕ್ಷರಕ್ಕೆ ಹೀಗಾಗುವುದು ನೋಡಿದರೆ ನನಗೆ ಬೇಜಾರಾಗುತ್ತದೆ.

ಇನ್ನೊಂದು, ಟೈಟಲ್ ಪೂರ್ತಿ ಕ್ಯಾಪಿಟಲ್‌ನಲ್ಲಿ ಹಾಕಬೇಡಿ. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಶಿಯಸ್ ಇಟಾಲಿಕ್‌ನಲ್ಲಿ ಪುಸ್ತಕ ಅಚ್ಚು ಹಾಕಿದಾಗ ಸಣ್ಣ ಅಕ್ಷರ ಮಾತ್ರ ಓರೆ ಇತ್ತು, ಕ್ಯಾಪಿಟಲ್ ನೆಟ್ಟಗೇ ಇತ್ತು. ಬಾಲ ಚಾಚಿದ ಸ್ವಾಶ್ ಕ್ಯಾಪಿಟಲ್‌ಗಳಿಗೆ ಸುತ್ತ ಜಾಗ ಬೇಕು. ಪದದ ಶುರುವಿನಲ್ಲಿ ಒಂದಿದ್ದರೆ ಸೊಗಸು. ಸಾಲಾಗಿ ನಿಲ್ಲಿಸಿದರೆ ಒಂದರ ಬಾಲ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ, ಓದೋಕೇ ಆಗಲ್ಲ.

ಅಕ್ಷರಗಳ ನಡುವಿನ ಅಂತರವನ್ನೂ ಜಾಸ್ತಿ ಎಳೆಯಬೇಡಿ. ಕೈಬರಹದ ಓಟ ಕಡಿದುಹೋಗುತ್ತದೆ. ಎರಡು ಅಕ್ಷರ ತೀರಾ ದೂರ ಕಂಡರೆ ಆ ಜೋಡಿಗೆ ಮಾತ್ರ ಕರ್ನಿಂಗ್ (ಎರಡು ಅಕ್ಷರದ ನಡುವಿನ ಅಂತರ) ಸರಿಮಾಡಿ.

ಎರಡು-ಮೂರು ಪದದ ಟೈಟಲ್‌ಗೆ ದೊಡ್ಡದಾಗಿ ಹಾಕಿ, ಸಾಕು. ದಿನಾಂಕ, ಜಾಗ, ವಿವರ ಎಲ್ಲಾ ಸರಳವಾದ ನೆಟ್ಟಗಿನ ಫಾಂಟ್‌ನಲ್ಲಿರಲಿ. ಈಗಿನ ಫಾಂಟ್‌ನಲ್ಲಿ ನಿಜವಾದ ಬೋಲ್ಡ್ ಇಲ್ಲದಿದ್ದರೆ ಮೀಡಿಯಂನಲ್ಲೇ ಬಿಟ್ಟು ಸೈಜ್ ಹೆಚ್ಚಿಸಿ ನೋಡಿ. ಎಷ್ಟೋ ಸಲ ಬೇಕಾದ ತೂಕ ಅಷ್ಟರಲ್ಲೇ ಸಿಗುತ್ತದೆ.