ಎಣ್ಣೆ ಮುಗಿದುಹೋದ ರಾತ್ರಿ

ಪ್ರಶ್ನೆ: ಮಗಳಿಗೆ ಸಮಾಜ ವಿಜ್ಞಾನ ಓದಿಸುವಾಗ ಯುರೋಪಿನ ಪುನರುಜ್ಜೀವನದ ಪಾಠ ಬಂತು. ಚಿತ್ರಕಲೆ, ಶಿಲ್ಪ, ಸಾಹಿತ್ಯ ಎಲ್ಲ ಇದೆ. ವೈದ್ಯಕೀಯಕ್ಕೆ ಸಿಕ್ಕಿರುವುದು ವೆಸಾಲಿಯಸ್ ಎಂಬ ಒಂದು ಹೆಸರು. ‘ಹೆಣ ಕೊಯ್ದು ನೋಡಿದರೆ ಬದುಕಿದ್ದ ರೋಗಿಗೆ ಏನು ಬಂತಮ್ಮ?’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆಗ ಕ್ಷೌರಿಕರೇ ಆಪರೇಷನ್ ಮಾಡುತ್ತಿದ್ದರಂತೆ, ನಿಜವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಮಗಳು ಕೇಳಬೇಕಾದ್ದನ್ನೇ ಕೇಳಿದ್ದಾಳೆ. ತಕ್ಷಣಕ್ಕೆ ರೋಗಿಯ ಪಾಲಿಗೆ ಬಂದದ್ದು ಕಡಿಮೆ. ಜ್ವರ ಬಂದವನ ನರ ಕುಯ್ದು ರಕ್ತ ಹರಿಸುವುದು 1400ರಲ್ಲೂ ಇತ್ತು, 1600ರಲ್ಲೂ ಇತ್ತು. ಬದಲಾವಣೆ ಕಣ್ಣಿಗೆ ಬೀಳಬೇಕಾದರೆ ಗಾಯಾಳುಗಳ ಕಡೆ ನೋಡಬೇಕು. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯ ಕಟ್ಟಿದವಳು ನಾನು, ಹಾಗಾಗಿ ಗಾಯದ ಕಥೆಯನ್ನೇ ಹೇಳುತ್ತೇನೆ.

ಕ್ಷೌರಿಕರ ವಿಷಯ ನಿಜ. ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಕಲಿತ ವೈದ್ಯರು ನಾಡಿ, ಮೂತ್ರ ನೋಡಿ ಔಷಧ ಬರೆಯುತ್ತಿದ್ದರು. ಕುಯ್ಯುವುದು, ಕೀವು ತೆಗೆಯುವುದು, ಮೂಳೆ ಕೂಡಿಸುವುದು ಕ್ಷೌರಿಕ-ಶಸ್ತ್ರವೈದ್ಯರ ಪಾಲು. ಅಂಗರಚನೆಯ ಪಾಠದಲ್ಲೂ ಹಾಗೆಯೇ. ಪ್ರಾಧ್ಯಾಪಕರು ಎತ್ತರದ ಪೀಠದಲ್ಲಿ ಕೂತು ಪ್ರಾಚೀನ ಗ್ರೀಕ್ ವೈದ್ಯ ಗೇಲನ್‌ನ ಗ್ರಂಥ ಓದುತ್ತಿದ್ದರು, ಕೆಳಗೆ ಕ್ಷೌರಿಕ ಹೆಣ ಕುಯ್ಯುತ್ತಿದ್ದ. ಗೇಲನ್ ಕುಯ್ದು ನೋಡಿದ್ದು ಹೆಚ್ಚಾಗಿ ಮಂಗ, ಹಂದಿಗಳನ್ನು. ಹೆಣದಲ್ಲಿ ಕಂಡದ್ದು ಗ್ರಂಥಕ್ಕೆ ಹೊಂದದಿದ್ದರೂ ಗ್ರಂಥವೇ ಗೆಲ್ಲುತ್ತಿತ್ತು. 1537ರಲ್ಲಿ ಇಟಲಿಯ ಪಾಡುವಾದಲ್ಲಿ ಪ್ರಾಧ್ಯಾಪಕನಾದ ವೆಸಾಲಿಯಸ್ ಪೀಠದಿಂದ ಇಳಿದು ಚಾಕು ತಾನೇ ಹಿಡಿದ. 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಅವನ ಚಿತ್ರಗ್ರಂಥ ಬಂದದ್ದು ಹಾಗೆ.

ಅದೇ 1537ರಲ್ಲಿ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್‌ನ ಸೈನ್ಯ ಆಲ್ಪ್ಸ್ ದಾಟಿ ಟ್ಯೂರಿನ್ ಕಡೆ ಹೊರಟಿತ್ತು. ಜೊತೆಗೆ ಆಂಬ್ರೋಸ್ ಪಾರೆ ಎಂಬ ತರುಣ ಕ್ಷೌರಿಕ-ಶಸ್ತ್ರವೈದ್ಯ. ಪ್ಯಾರಿಸ್ಸಿನ ಓತೆಲ್-ದ್ಯೂ ಆಸ್ಪತ್ರೆಯಲ್ಲಿ ಕೆಲಸ ಕಲಿತವನು, ಲ್ಯಾಟಿನ್ ಬಾರದು, ಯುದ್ಧಭೂಮಿಗೆ ಹೊಸಬ. ಕೋವಿಮದ್ದು ವಿಷ, ಆದ್ದರಿಂದ ಗುಂಡಿನ ಗಾಯಕ್ಕೆ ಎಲ್ಡರ್ ಗಿಡದ ಎಣ್ಣೆಯನ್ನು ಕುದಿಕುದಿಯಾಗಿ ಸುರಿಯಬೇಕು, ಜೊತೆಗೆ ಥೀರಿಯಾಕ್ ಎಂಬ ವಿಷಹಾರಿ ಲೇಹ್ಯ ಸ್ವಲ್ಪ ಬೆರೆಸಬೇಕು ಎಂದು ಇಟಲಿಯ ಜೊವಾನ್ನಿ ದ ವಿಗೊ ಬರೆದಿದ್ದ. ಉಳಿದವರು ಹಾಗೇ ಮಾಡುತ್ತಿದ್ದರು, ಪಾರೆಯೂ ಮಾಡಿದ. ಅರಿವಳಿಕೆ ಇಲ್ಲದ ಕಾಲ ಅದು, ನೆನಪಿರಲಿ.

ಗಾಯಾಳುಗಳು ಹೆಚ್ಚಾಗಿ ಎಣ್ಣೆ ಮುಗಿದುಹೋಯಿತು. ಉಳಿದವರಿಗೆ ಅವನು ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ಆ ರಾತ್ರಿ ಅವನಿಗೆ ನಿದ್ದೆಯಿಲ್ಲ. ಎಣ್ಣೆ ಸುರಿಯದವರೆಲ್ಲ ವಿಷವೇರಿ ಸತ್ತಿರುತ್ತಾರೆಂಬ ಭಯ. ಬೆಳಕು ಹರಿಯುವ ಮೊದಲೇ ಎದ್ದು ಹೋಗಿ ನೋಡಿದರೆ ಅವರಿಗೆ ನೋವು ಕಡಿಮೆ, ಬಾವಿಲ್ಲ, ಚೆನ್ನಾಗಿ ಮಲಗಿದ್ದಾರೆ. ಕಾದೆಣ್ಣೆ ಬಿದ್ದವರು ಜ್ವರದಲ್ಲಿ ಬೇಯುತ್ತಿದ್ದರು, ಗಾಯದ ಸುತ್ತ ಊತ. ಇನ್ನು ಮುಂದೆ ಈ ಬಡಪಾಯಿಗಳನ್ನು ಹೀಗೆ ಸುಡುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿಕೊಂಡೆ ಎಂದು ಅವನು ಬರೆದಿದ್ದಾನೆ.

ಹೌಸ್ ಸರ್ಜನ್ ಆಗಿದ್ದಾಗ ರಾತ್ರಿ ಡ್ರೆಸ್ಸಿಂಗ್ ಮಾಡಿ ಬಂದು, ನಾನೆಲ್ಲಿ ತಪ್ಪಿದೆನೋ ಎಂದು ಬೆಳಗಿನ ಜಾವ ನಾಲ್ಕಕ್ಕೆ ವಾರ್ಡಿಗೆ ಓಡಿದ್ದೇನೆ. ಹಾಗಾಗಿ ಪಾರೆಯ ಆ ಮುಂಜಾವು ನನಗೆ ತೀರ ಹತ್ತಿರದ್ದು. ಎಣ್ಣೆ ಮುಗಿದದ್ದು ಆಕಸ್ಮಿಕ. ಎದ್ದು ಹೋಗಿ ಎರಡೂ ಸಾಲಿನವರನ್ನು ನೋಡಿದ್ದು, ನೋಡಿದ್ದನ್ನು ನಂಬಿದ್ದು ಆಕಸ್ಮಿಕವಲ್ಲ. ಅದನ್ನೆಲ್ಲ 1545ರಲ್ಲಿ ಪುಸ್ತಕ ಮಾಡಿದ, ಅದೂ ಫ್ರೆಂಚಿನಲ್ಲಿ. ಲ್ಯಾಟಿನ್ ಬಾರದ ಕ್ಷೌರಿಕನೂ ಓದಬಹುದಾಗಿತ್ತು. ನನ್ನ ಲೆಕ್ಕಕ್ಕೆ ಇದು ಮುಲಾಮಿನಷ್ಟೇ ದೊಡ್ಡ ಕೆಲಸ.

ಅವನದೇ ಇನ್ನೊಂದು ಸಂಗತಿ ಮಗಳಿಗೆ ಇಷ್ಟವಾದೀತು. ಅಡುಗೆಮನೆಯ ಹುಡುಗನೊಬ್ಬ ಕಾದ ಎಣ್ಣೆಯ ಕೊಪ್ಪರಿಗೆಗೆ ಬಿದ್ದ. ಪಾರೆ ಔಷಧಕ್ಕೆಂದು ಅಂಗಡಿಗೆ ಹೋದಾಗ ಅಲ್ಲಿದ್ದ ಹಳ್ಳಿಯ ಮುದುಕಿಯೊಬ್ಬಳು ಹಸಿ ಈರುಳ್ಳಿಗೆ ಉಪ್ಪು ಹಾಕಿ ಜಜ್ಜಿ ಹಚ್ಚಪ್ಪಾ ಎಂದಳು. ಹಚ್ಚಿದ ಕಡೆ ಗುಳ್ಳೆ ಏಳಲಿಲ್ಲ, ಹಚ್ಚದ ಕಡೆ ಎದ್ದಿತು. ಮುಂದೆ ಕೋವಿಮದ್ದಿಗೆ ಮುಖ ಸುಟ್ಟುಕೊಂಡ ಸೈನಿಕನೊಬ್ಬನ ಅರ್ಧ ಮುಖಕ್ಕೆ ಈರುಳ್ಳಿ, ಇನ್ನರ್ಧಕ್ಕೆ ರೂಢಿಯ ಔಷಧ ಹಚ್ಚಿ ಹೋಲಿಸಿ ನೋಡಿದ. ಇದನ್ನೋದಿ ಯಾರೂ ಸುಟ್ಟ ಗಾಯಕ್ಕೆ ಈರುಳ್ಳಿ ಹಚ್ಚಬೇಡಿ. ಇಂಕು, ಟೂತ್‌ಪೇಸ್ಟ್ ಬಳಿದುಕೊಂಡು ಬಂದವರ ಚರ್ಮದಿಂದ ಅದನ್ನು ಬಿಡಿಸುವಾಗ ಅವರು ಕಿರುಚುವುದನ್ನು ಸಾಕಷ್ಟು ಕೇಳಿದ್ದೇನೆ. ನಲ್ಲಿ ತಿರುಗಿಸಿ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ, ಆಸ್ಪತ್ರೆಗೆ ಹೊರಡಿ.

ಕಾಲು ಕತ್ತರಿಸಿದ ಮೇಲೆ ರಕ್ತ ನಿಲ್ಲಿಸಲು ಕಾದ ಕಬ್ಬಿಣ ಒತ್ತುತ್ತಿದ್ದರು. 1552ರಲ್ಲಿ ದಾಂವಿಲೆ ಎಂಬ ಊರಿನ ಮುತ್ತಿಗೆಯಲ್ಲಿ ಪಾರೆ ಅದನ್ನು ಬಿಟ್ಟು ರಕ್ತನಾಳಕ್ಕೆ ದಾರ ಕಟ್ಟಿದ. ದಾರ ಕಟ್ಟುವುದು ಪ್ರಾಚೀನರಿಗೂ ಗೊತ್ತಿತ್ತು, ಕಾಲು ಕತ್ತರಿಸುವಾಗ ಅದನ್ನು ಬಳಸಿದ್ದು ಅವನ ಧೈರ್ಯ. ಆದರೆ ರಕ್ತ ಚಿಮ್ಮುತ್ತಿರುವಾಗ ಒಂದೊಂದೇ ನಾಳ ಹುಡುಕಿ ಕಟ್ಟಲು ಪಳಗಿದ ಕೈ ಬೇಕು, ಸಹಾಯಕರು ಬೇಕು. ದಾರವನ್ನು ಶುದ್ಧ ಮಾಡಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಆ ಪದ್ಧತಿ ಬೇಗ ಹರಡಲಿಲ್ಲ.

ಪಾರೆ, ವೆಸಾಲಿಯಸ್ ಇಬ್ಬರೂ ಒಮ್ಮೆ ಒಂದೇ ಹಾಸಿಗೆಯ ಪಕ್ಕ ನಿಂತಿದ್ದಾರೆ. 1559ರ ಜೂನ್ 30ರಂದು ಪ್ಯಾರಿಸ್ಸಿನ ಕ್ರೀಡಾಯುದ್ಧದಲ್ಲಿ ಮುರಿದ ಭರ್ಜಿಯ ಚೂರು ದೊರೆ ಎರಡನೇ ಹೆನ್ರಿಯ ಕಣ್ಣಿನ ಬಳಿ ಹೊಕ್ಕಿತು. ಪಾರೆ ಅಲ್ಲೇ ಇದ್ದ. ಬ್ರಸೆಲ್ಸ್‌ನಿಂದ ವೆಸಾಲಿಯಸ್‌ನನ್ನು ಕರೆಸಿದರು. ಯುರೋಪಿನಲ್ಲಿ ಮನುಷ್ಯದೇಹವನ್ನು ಅವರಷ್ಟು ಬಲ್ಲವರು ಬೇರೆ ಯಾರಿದ್ದರು? ದೊರೆ ಜುಲೈ 10ರಂದು ತೀರಿಕೊಂಡ.